ಬರೆದದ್ದನ್ನು ಓದಿ ಹೇಳಿ, ಕಾರ್ಯದರ್ಶಿಗಳೇ

ಹಲವು ಊರುಗಳಿಗೆ ಸೇರಿ ಇದ್ದ ಮಂಡಲ ಪಂಚಾಯಿತಿಯ ಒಂದು ಬೀರುವನ್ನು ಎರಡು ಮಾಡುವುದು ಹೇಗೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಸ್ಥಾನ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಯಾಯಿತು. ಮೇ 10ಕ್ಕೆ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಬಂತು. ನಮ್ಮ ಮಂಡಲ ಒಡೆದು ಎರಡು ಗ್ರಾಮ ಪಂಚಾಯಿತಿಗಳಾದವು. ಕಾರ್ಯದರ್ಶಿಯಾಗಿದ್ದ ನಾನು ಮನೆಗಂದಾಯದ ಡಿಮ್ಯಾಂಡ್ ರಿಜಿಸ್ಟರನ್ನು ಊರುವಾರು ಬಿಡಿಸಿ ಹೊಸ ಪುಸ್ತಕಕ್ಕೆ ಕೈಯಲ್ಲೇ ನಕಲು ಮಾಡಿದೆ. ಬೀರು ಹಳೆಯ ಕಚೇರಿಯಲ್ಲೇ ಉಳಿಯಿತು. ಹೊಸದಕ್ಕೆ ಸಿಕ್ಕಿದ್ದು ಒಂದು ಟ್ರಂಕು, ಒಂದು ಸೀಲು ಮತ್ತು ನಾನು.

ಮಂಡಲವನ್ನು ಹೀಗಳೆಯಲಾರೆ. ಆಗ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ನಜೀರ್ ಸಾಬರು ತಂದ, ಮಂಡಲಗಳನ್ನು ಹುಟ್ಟಿಸಿದ 1983ರ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ. 25 ಮೀಸಲಾತಿ ಇತ್ತು. ಆದರೆ 1987ರಲ್ಲಿ ಗೆದ್ದವರ ಅವಧಿ ಮುಗಿದಾಗ ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿ ಬಂದರು. ಠರಾವು ನಾನು ಬರೆಯುವುದು, ರುಜು ಅವರು ಹಾಕುವುದು. ಸುಳ್ಳೇಕೆ, ನನಗದು ಹಿತವಾಗಿಯೇ ಇತ್ತು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕೆಂದು ಸಂವಿಧಾನವೇ ವಿಧಿಸಿದ ಮೇಲೆ ಆ ಹಿತಕ್ಕೆ ಕುತ್ತು ಬಂತು.

1993ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದು, ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಯಿತು. ಮೊದಲ ಸಭೆಗೆ ಅಧ್ಯಕ್ಷೆಯ ಜೊತೆ ಯಜಮಾನರೂ ಬಂದು ಮೇಜಿನ ಪಕ್ಕದಲ್ಲೇ ಕುಳಿತರು. ಅವರಿಗೆ ಹೊರಗೆ ಕುರ್ಚಿ ಹಾಕಿಸಿ ಚಹಾ ಕೊಡಿಸಿದೆ. ಜಗಳಕ್ಕಿಂತ ಅದು ಸಲೀಸು.

ಹಳೆಯ ರೂಢಿಯಂತೆ ಖಾಲಿ ಪುಟಕ್ಕೆ ಎಲ್ಲರ ಸಹಿ ಪಡೆದು, ನಡಾವಳಿಯನ್ನು ರಾತ್ರಿ ಮನೆಯಲ್ಲಿ ಬರೆದೆ. ಮರುದಿನ ಅಧ್ಯಕ್ಷೆ ಬಂದು, "ಬರೆದದ್ದನ್ನು ಓದಿ ಹೇಳಿ, ಕಾರ್ಯದರ್ಶಿಗಳೇ" ಎಂದರು. ಓದಿದೆ. "ಕಾಲೋನಿಯ ಕೈಪಂಪಿನ ಮಾತು ಎಲ್ಲಿ ಹೋಯಿತು?" ಎಂದರು. ಆ ವಿಷಯಕ್ಕೆ ಸದಸ್ಯರು ಕೂಗಾಡಿದ್ದರಿಂದ ನಾನೇ ಅದನ್ನು ಕೈಬಿಟ್ಟಿದ್ದೆ. ಅಂದಿನಿಂದ ಸಭೆಯಲ್ಲೇ ಬರೆದು, ಗಟ್ಟಿಯಾಗಿ ಓದಿ, ಆಮೇಲೆ ಸಹಿ ಹಾಕಿಸತೊಡಗಿದೆ. ಸಭೆ ಒಂದು ಗಂಟೆ ಉದ್ದವಾಯಿತು, ನನ್ನ ಅಕ್ಷರ ಕೆಟ್ಟಿತು.

ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ, ಕುಡಿಯುವ ನೀರೂ ಅದರಲ್ಲಿದೆ. ಆದರೆ ಯಾವ ಅಧಿಕಾರವನ್ನು ಎಷ್ಟು ಕೊಡಬೇಕೆಂಬುದನ್ನು ತಿದ್ದುಪಡಿ ರಾಜ್ಯದ ಇಚ್ಛೆಗೇ ಬಿಟ್ಟಿತ್ತು. ಪಂಪು ನಮ್ಮದು, ಅದನ್ನು ಬಿಚ್ಚುವ ಮೆಕ್ಯಾನಿಕ್ ಮೇಲಿನ ಕಚೇರಿಯವರು. ಮೂರು ಸಲ ಪತ್ರ ಬರೆದರೂ ಉತ್ತರವಿಲ್ಲ. ನಾಲ್ಕನೆಯ ಸಲ ಅಧ್ಯಕ್ಷೆ ನಡಾವಳಿ ಪುಸ್ತಕವನ್ನೇ ಚೀಲಕ್ಕೆ ಹಾಕಿಕೊಂಡರು. ಮೂಲ ಪುಸ್ತಕ ಕಚೇರಿ ಬಿಟ್ಟು ಹೋಗುವಂತಿಲ್ಲ ಎಂದೆ. "ಹಾಗಾದರೆ ಅದರ ಜೊತೆ ನೀವೂ ಬನ್ನಿ" ಎಂದು ಬಸ್ ಹತ್ತಿದರು.