ಕೂಸಿಗೆ ಸೂಜಿ ಬ್ಯಾಡ ಅನ್ನುವ ಮನೆಯಲ್ಲಿ ಮಾತಾಡುವ ಬಗೆ

ಮುಂಬೈ, ಪುಣೆಯ ಬಿಲ್ಡಿಂಗ್ ಸೈಟುಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕುಟುಂಬಗಳು ಬಹಳ. ಅಲ್ಲಿ ಲಸಿಕೆಯ ಮಾತು ಹೇಳಲು ಹೋಗುವ ಕಾರ್ಯಕರ್ತರೇ, ಬೇಡವೆಂದವರಿಗೆ ಮಾತು ಶುರುವಾದ ಕೂಡಲೇ ರೋಗದ ಹೆದರಿಕೆ ಹಾಕಬೇಡಿ. "ಯಕ್ಕಾ, ಹಿಂದಿನ ಸಲ ಹಾಕಿಸಿದಾಗ ಏನಾತು?" ಎಂದು ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ರಾತ್ರಿಯಿಡೀ ಅತ್ತ ಕೂಸು, ತಪ್ಪಿದ ಪಗಾರ, ಊರಲ್ಲೇ ಉಳಿದ ಲಸಿಕೆ ಕಾರ್ಡು: ಬಹುಪಾಲು ಅಡ್ಡಿ ಇವೇ.

ಜ್ವರದ ವಿಷಯ ಮುಚ್ಚಿಡಬಾರದು. 'ಏನೂ ಆಗಲ್ಲ' ಎಂದು ಹೇಳಿ ಕಳಿಸಿದರೆ ಮುಂದಿನ ಡೋಸಿಗೆ ಆ ತಾಯಿ ಬರುವುದಿಲ್ಲ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಕೊಡುವ ಪೆಂಟಾವೇಲೆಂಟ್‌ಗೆ (ಐದು ರೋಗ ತಡೆಯುವ ಒಂದೇ ಸೂಜಿ) ಜ್ವರ, ತೊಡೆ ಬಾವು ಬಂದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಗೊಬ್ಬರದ (ಗೊಬ್ಬರ ಅಂದರೆ ದಡಾರ; ಲಸಿಕೆ ದಡಾರ-ರುಬೆಲ್ಲಾದು) ಸೂಜಿಯದು ಬೇರೆ: ಜ್ವರ, ಸಣ್ಣ ಗುಳ್ಳೆ ಬಂದರೆ ವಾರ ಕಳೆದ ಮೇಲೆ. ಮೊದಲೇ ಹೇಳಿರದಿದ್ದರೆ 'ಸೂಜಿಯಿಂದಲೇ ಗೊಬ್ಬರ ಬಂತು' ಎಂಬ ಸುದ್ದಿ ಶೆಡ್ಡಿನಿಂದ ಶೆಡ್ಡಿಗೆ ಹೋಗುತ್ತದೆ.

ಜ್ವರ ಬಂದ ಮೇಲಷ್ಟೇ ಪ್ಯಾರಾಸಿಟಮಾಲ್. ಕೆಜಿ ತೂಕಕ್ಕೆ 10ರಿಂದ 15 ಮಿ.ಗ್ರಾಂ, ಆರು ತಾಸಿಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಬಾಟಲಿಯನ್ನು ನೀವೇ ಕೈಗೆತ್ತಿಕೊಂಡು ಓದಿ: 5 ಮಿ.ಲೀ.ಗೆ 120 ಮಿ.ಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಅದೇ ಚಮಚೆಯಲ್ಲಿ ಎರಡು ಪಟ್ಟು ಔಷಧ ಹೋದೀತು. ಎಷ್ಟು ಮಿ.ಲೀ. ಎಂಬುದನ್ನು ನರ್ಸ್ ಬಾಯಿಂದಲೇ ಹೇಳಿಸಿ. ಸೂಜಿ ಚುಚ್ಚಿದ ಜಾಗ ತಿಕ್ಕಬಾರದು. ಕೇಂದ್ರದಲ್ಲಿ ಅರ್ಧ ತಾಸು ಕೂರಲೇಬೇಕು. ಫಿಟ್ಸ್, ಉಸಿರಿನ ತೊಂದರೆ, ಮೂರು ತಾಸು ನಿಲ್ಲದ ಅಳು ಕಂಡರೆ ತಕ್ಷಣ ಆಸ್ಪತ್ರೆಗೆ.

ಬರೀ ನೆಗಡಿಗೆ ಸೂಜಿ ಮುಂದೂಡಬೇಕಿಲ್ಲ. ಒಂದು ಡೋಸು ತಪ್ಪಿದರೆ ಮೊದಲಿನಿಂದ ಶುರುಮಾಡುವುದೂ ಬೇಡ, ನಿಂತಲ್ಲಿಂದ ಮುಂದುವರಿಸಿದರಾಯಿತು. ಕಾರ್ಡು ಊರಲ್ಲಿದ್ದರೆ ಫೋಟೊ ತರಿಸಿ.

2022ರಲ್ಲಿ ಮುಂಬೈನ ಗೋವಂಡಿಯಲ್ಲಿ ಗೊಬ್ಬರ ಹಬ್ಬಿ ಮಕ್ಕಳು ತೀರಿಕೊಂಡರು. ಈ ಮಾತನ್ನು ಕೊನೆಗೆ, ಮೆತ್ತಗೆ ಹೇಳಿ. ಜೊತೆಗೇ ಗೊಬ್ಬರದ ಸೂಜಿಯ ದಿನವನ್ನೂ ಹೇಳಿ: ಒಂಬತ್ತು ತಿಂಗಳು ತುಂಬಿದ ಮೇಲೆ ಮೊದಲನೆಯದು, 16ರಿಂದ 24 ತಿಂಗಳೊಳಗೆ ಎರಡನೆಯದು. ಎರಡೂ ಆಗಬೇಕು.

ನಿರ್ಧಾರ ಬಹಳ ಮನೆಗಳಲ್ಲಿ ಅತ್ತೆಯದು. ಸೊಸೆಯೊಬ್ಬಳನ್ನೇ ಒಪ್ಪಿಸಿ ಬಂದರೆ ಸಂಜೆಗೆ ಮಾತು ತಿರುಗುತ್ತದೆ. ಅತ್ತೆಯನ್ನೂ ಕೂರಿಸಿಕೊಂಡೇ ಮಾತಾಡಿ. ಪಗಾರದ ಚಿಂತೆಗೆ ಮುಕಾದಮನನ್ನು (ಕೂಲಿಯವರ ಮೇಸ್ತ್ರಿ) ಕಂಡು ಅರ್ಧ ದಿನದ ರಜೆ ಕೇಳಿ, ಇಲ್ಲವೇ ಸೈಟಿನಲ್ಲೇ ಲಸಿಕೆ ಹಾಕಿಸಲು ಹತ್ತಿರದ ಹೆಲ್ತ್ ಪೋಸ್ಟಿಗೆ (ಸರಕಾರಿ ಆರೋಗ್ಯ ಕೇಂದ್ರ) ಮಕ್ಕಳ ಹೆಸರು, ವಯಸ್ಸಿನ ಪಟ್ಟಿ ಕೊಡಿ.