ವಿಂಡೋಸ್ 98ರ ಆರಂಭದ ಚಿತ್ರವನ್ನು ಬದಲಾಯಿಸುವ ವಿಧಾನ

ವಿಂಡೋಸ್ 95 ಅಥವಾ 98 ಇರುವ ಹಳೆಯ ಕಂಪ್ಯೂಟರನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿರುವವರು, ಅದು ಶುರುವಾಗುವಾಗ ಕಾಣುವ ಮೋಡಗಳ ಚಿತ್ರದ ಜಾಗದಲ್ಲಿ ತಮ್ಮದೇ ಚಿತ್ರವನ್ನು ಇಡಬಹುದು. ಮೂಲ ಚಿತ್ರವು ಐಓ.ಸಿಸ್ ಎಂಬ ಫೈಲಿನೊಳಗೇ ಅಡಕವಾಗಿದೆ. ಆದರೆ ಸಿ ಡ್ರೈವಿನ ಮೂಲ ಫೋಲ್ಡರಿನಲ್ಲಿ ಲೋಗೋ.ಸಿಸ್ (LOGO.SYS) ಎಂಬ ಫೈಲು ಇದ್ದರೆ ವಿಂಡೋಸ್ ಅದನ್ನೇ ತೋರಿಸುತ್ತದೆ. ಹೀಗಾಗಿ ಐಓ.ಸಿಸ್ ಅನ್ನು ಮುಟ್ಟುವ ಅಗತ್ಯವೇ ಇಲ್ಲ, ಮುಟ್ಟಲೂಬಾರದು. ಅದು ಕೆಟ್ಟರೆ ಕಂಪ್ಯೂಟರೇ ಶುರುವಾಗುವುದಿಲ್ಲ.

ಲೋಗೋ.ಸಿಸ್ ಎಂಬುದು ಹೆಸರು ಬದಲಿಸಿದ ಸಾಧಾರಣ ಬಿಟ್‌ಮ್ಯಾಪ್ ಚಿತ್ರ. ಅದರ ಅಗಲ 320 ಪಿಕ್ಸೆಲ್, ಎತ್ತರ 400 ಪಿಕ್ಸೆಲ್, ಬಣ್ಣಗಳು 256. ಎಡವುವವರು ಹೆಚ್ಚಾಗಿ ಎಡವುವುದು ಈ ಅಳತೆಯಲ್ಲಿಯೇ. ಉದ್ದುದ್ದವಾಗಿರುವ ಈ ಚಿತ್ರವನ್ನು ನಾಲ್ಕಕ್ಕೆ ಮೂರರ ಪ್ರಮಾಣದ ಪರದೆಯ ತುಂಬ ಹರಡಲಾಗುವುದರಿಂದ, 320×400ರಲ್ಲಿ ನೇರವಾಗಿ ಬರೆದ ದುಂಡನೆಯ ಚಂದ್ರ ಪರದೆಯ ಮೇಲೆ ಅಡ್ಡಲಾಗಿ ಮಲಗಿದ ಮೊಟ್ಟೆಯಂತೆ ಕಾಣುತ್ತಾನೆ. ಆದ್ದರಿಂದ 640×480ರಲ್ಲಿ ಬರೆದು, ಆಮೇಲೆ ಕುಗ್ಗಿಸುವುದೇ ಸರಿಯಾದ ಕ್ರಮ.

ಮೊದಲು ವಿಂಡೋಸ್ ಫೋಲ್ಡರಿನಲ್ಲಿರುವ, ಕಂಪ್ಯೂಟರ್ ಮುಚ್ಚುವಾಗ ಕಾಣುವ ಚಿತ್ರವಾದ ಲೋಗೋಡಬ್ಲ್ಯೂ.ಸಿಸ್ (LOGOW.SYS) ಫೈಲಿನ ಒಂದು ಪ್ರತಿಯನ್ನು ಬೇರೆ ಕಡೆ ಮಾಡಿಕೊಂಡು, ಅದರ ಕೊನೆಯ ಸಿಸ್ ಭಾಗವನ್ನು ಬಿಎಂಪಿ (BMP) ಎಂದು ಬದಲಿಸಿ. ಇದಕ್ಕೆ ಮುನ್ನ ಫೋಲ್ಡರ್ ಆಯ್ಕೆಗಳಲ್ಲಿ ಎಲ್ಲ ಫೈಲುಗಳೂ, ಅವುಗಳ ಪೂರ್ಣ ಹೆಸರೂ ಕಾಣುವಂತೆ ಮಾಡಿಕೊಳ್ಳಬೇಕು; ಇಲ್ಲವಾದರೆ ಹೆಸರು ಬದಲಾದಂತೆ ಕಂಡರೂ ನಿಜವಾಗಿ ಬದಲಾಗಿರುವುದಿಲ್ಲ. ಈ ಪ್ರತಿಯನ್ನು ಪೇಂಟ್‌ನಲ್ಲಿ ತೆರೆದು ಅಡ್ಡಕ್ಕೆ ಶೇಕಡಾ 200, ಉದ್ದಕ್ಕೆ ಶೇಕಡಾ 120 ಹಿಗ್ಗಿಸಿದರೆ ಸರಿಯಾಗಿ 640×480 ಆಗುತ್ತದೆ. ಅದರ ಮೇಲೆ ನಿಮ್ಮ ಚಿತ್ರವನ್ನು ಬರೆಯಿರಿ.

ವಿಂಡೋಸ್ 98ಕ್ಕೆ ಕನ್ನಡ ಲಿಪಿ ಗೊತ್ತಿರಲಿಲ್ಲ. ಆ ಸೌಲಭ್ಯ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ. ಆದರೂ ಇದು ಬರೀ ಚಿತ್ರವಾದ್ದರಿಂದ ಇಲ್ಲಿ ಕನ್ನಡವನ್ನು ಧಾರಾಳವಾಗಿ ಬಳಸಬಹುದು. ‘ಬರಹ’ ಅಥವಾ ‘ನುಡಿ’ ಎಂಬ ಕನ್ನಡ ತಂತ್ರಾಂಶಗಳ ಅಕ್ಷರಗಳಲ್ಲಿ ‘ಸ್ವಾಗತ’ ಎಂದು ಬರೆಯುವುದಾದರೆ ದಪ್ಪನೆಯ, ದೊಡ್ಡ ಅಕ್ಷರಗಳನ್ನೇ ಆರಿಸಿಕೊಳ್ಳಿ. ಅಗಲವು ಅರ್ಧಕ್ಕೆ ಇಳಿಯುವಾಗ ತೆಳುವಾದ ಗೆರೆಗಳು ಮಾಯವಾಗುತ್ತವೆ, ‘ಸ್ವಾ’ದ ಕೆಳಗಿನ ವಕಾರದ ಒತ್ತು ಕರಗಿ ಬರಿಯ ಚುಕ್ಕೆಯಾಗಿ ಉಳಿಯುತ್ತದೆ. ಕುಗ್ಗಿಸಿದ ಮೇಲೆ ಒತ್ತಕ್ಷರಗಳನ್ನು ದೊಡ್ಡದು ಮಾಡಿ ನೋಡಿ, ಪಿಕ್ಸೆಲ್‌ಗಳನ್ನು ಒಂದೊಂದಾಗಿ ಕೈಯಿಂದಲೇ ತಿದ್ದುವುದು ಒಳ್ಳೆಯದು. ಆ ಶ್ರಮ ಸಾರ್ಥಕ.

ಕುಗ್ಗಿಸುವಾಗ ಅಡ್ಡಕ್ಕೆ ಶೇಕಡಾ 50, ಉದ್ದಕ್ಕೆ ಶೇಕಡಾ 83 ಎಂದು ಕೊಡಬೇಕು. ಆಗ ಎತ್ತರ 398ಕ್ಕೆ ನಿಲ್ಲುತ್ತದೆ. ಚಿತ್ರದ ಗುಣಲಕ್ಷಣಗಳಲ್ಲಿ ಅದನ್ನು 400 ಮಾಡಿ, ಕೆಳಗೆ ಸೇರಿಕೊಂಡ ಎರಡು ಸಾಲುಗಳಿಗೆ ಹಿನ್ನೆಲೆಯ ಬಣ್ಣವನ್ನೇ ತುಂಬಿ. ಬಳಿಕ 256 ಬಣ್ಣಗಳ ಬಿಟ್‌ಮ್ಯಾಪ್ ಆಗಿ ಉಳಿಸಿ, ಫೈಲಿನ ಗಾತ್ರವನ್ನು ಪರೀಕ್ಷಿಸಿ: ಅದು 1,29,078 ಬೈಟ್ ಇರಬೇಕು. ಬೇರೆ ಸಂಖ್ಯೆ ಕಂಡರೆ ಅಳತೆಯಲ್ಲೋ ಬಣ್ಣಗಳ ಲೆಕ್ಕದಲ್ಲೋ ತಪ್ಪಾಗಿದೆ ಎಂದೇ ತಿಳಿಯಿರಿ.

ಈಗ ಅದಕ್ಕೆ ಲೋಗೋ.ಸಿಸ್ ಎಂದು ಹೆಸರಿಟ್ಟು ಸಿ ಡ್ರೈವಿನ ಮೂಲ ಫೋಲ್ಡರಿಗೆ ಹಾಕಿ. ಕಂಪ್ಯೂಟರ್ ತಯಾರಿಸಿದವರು ತಮ್ಮ ಲಾಂಛನವನ್ನು ಇದೇ ಹೆಸರಿನಲ್ಲಿ ಮೊದಲೇ ಇಟ್ಟಿರಬಹುದು; ಇದ್ದರೆ ಅಳಿಸದೆ ಬೇರೆ ಹೆಸರಿನಲ್ಲಿ ಕಾಪಾಡಿಕೊಳ್ಳಿ. ಜಾಗ ಉಳಿಸಲು ಡ್ರೈವ್‌ಸ್ಪೇಸ್ ಎಂಬ ವಿಂಡೋಸ್ ಸಾಧನದಿಂದ ಡಿಸ್ಕಿನ ಮಾಹಿತಿಯನ್ನು ಒತ್ತಿ ಕಿರಿದು ಮಾಡಿದ್ದರೆ, ಫೈಲನ್ನು ಅದರ ಹೋಸ್ಟ್ ಡ್ರೈವಿನಲ್ಲಿ, ಅಂದರೆ ಒತ್ತದೆ ಉಳಿದ ಮೂಲ ಡ್ರೈವಿನಲ್ಲಿ, ಇಡಬೇಕು. ಮೂಲ ಚಿತ್ರದ ಕೆಳಗೆ ಹರಿದಾಡುವ ಬಣ್ಣದ ಪಟ್ಟಿ ಪೇಂಟ್‌ನಲ್ಲಿ ಮಾಡಿದ ಚಿತ್ರದಲ್ಲಿ ಇರುವುದಿಲ್ಲ. ಹಳೆಯ ಮೋಡಗಳೇ ಮತ್ತೆ ಬೇಕೆನಿಸಿದರೆ ನಿಮ್ಮ ಲೋಗೋ.ಸಿಸ್ ಅನ್ನು ತೆಗೆದುಬಿಟ್ಟರಾಯಿತು.

ಕಂಪ್ಯೂಟರ್ ಮುಚ್ಚುವಾಗ ಬರುವ ಎರಡು ಚಿತ್ರಗಳಿಗೂ ಇದೇ ಕ್ರಮ ಸಲ್ಲುತ್ತದೆ. ‘ದಯವಿಟ್ಟು ಕಾಯಿರಿ’ ಎಂಬುದು ಲೋಗೋಡಬ್ಲ್ಯೂ.ಸಿಸ್, ‘ಈಗ ಆರಿಸಬಹುದು’ ಎಂಬುದು ಲೋಗೋಸ್.ಸಿಸ್ (LOGOS.SYS); ಎರಡೂ ವಿಂಡೋಸ್ ಫೋಲ್ಡರಿನಲ್ಲಿಯೇ ಇರಬೇಕು. ತಾನಾಗಿಯೇ ಆರದ ಹಳೆಯ ಯಂತ್ರಗಳಲ್ಲಿ ಸ್ವಿಚ್ ಒತ್ತುವವರೆಗೂ ಪರದೆಯ ಮೇಲೆ ನಿಲ್ಲುವುದು ಲೋಗೋಸ್.ಸಿಸ್ ಚಿತ್ರವೇ ಆದ್ದರಿಂದ, ಕನ್ನಡದ ಸಾಲೊಂದನ್ನು ಎಲ್ಲಾದರೂ ಬರೆಯುವುದಿದ್ದರೆ ಮೊದಲು ಅಲ್ಲಿ ಬರೆಯಿರಿ.