ಕ್ಯಾನ್ಸರ್ ಚಿಕಿತ್ಸೆ: ನರ್ಸ್ ಹತ್ತಿರ ಏನು ಕೇಳಬೇಕು, ಯಾವಾಗ ಕೇಳಬೇಕು?

ಬಯಾಪ್ಸಿ, ಅಂದರೆ ದೇಹದಿಂದ ಸಣ್ಣ ತುಣುಕು ತೆಗೆದು ಮಾಡುವ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ದಿನ ಡಾಕ್ಟರು ಎಷ್ಟೇ ವಿವರಿಸಿದರೂ ತಲೆಯಲ್ಲಿ ಉಳಿಯುವುದು ‘ಕ್ಯಾನ್ಸರ್’ ಎಂಬ ಒಂದೇ ಮಾತು. ಪ್ರಶ್ನೆಗಳು ಏಳುವುದು ಹೊರಗೆ ಬಂದಮೇಲೆ. ಆಗ ಕೇಳಬೇಕಾದವರು ಕ್ಯಾನ್ಸರ್ ವಿಭಾಗದಲ್ಲೇ ವಿಶೇಷ ತರಬೇತಿ ಪಡೆದ ನರ್ಸ್. ಎಲ್ಲ ಆಸ್ಪತ್ರೆಗಳಲ್ಲೂ ಇವರು ಇರುವುದಿಲ್ಲ. ಇದ್ದಾರಾ ಅಂತ ಮೊದಲ ದಿನವೇ ವಿಚಾರಿಸಿ.

ಇದ್ದರೆ ಅವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಅಂತಲೂ ಕೇಳಿ. ಡಾಕ್ಟರು ಹೇಳಿದ್ದನ್ನು ಅವರು ಕೂತು, ನಿಧಾನವಾಗಿ ಇನ್ನೊಮ್ಮೆ ಹೇಳುತ್ತಾರೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ನೀವು ಮರೆತಿದ್ದು ಅವರಿಗಾದರೂ ನೆನಪಿರುತ್ತದೆ.

ಮುಂದಿನದು ಕಾಯುವ ದಿನಗಳು. ನನಗನ್ನಿಸುವಂತೆ ತುಂಬ ಕಷ್ಟದ ದಿನಗಳೂ ಇವೇ. ಬಯಾಪ್ಸಿಯ ತುಣುಕಿನ ಮೇಲೆ ಕೆಲವೊಮ್ಮೆ ಹೆಚ್ಚುವರಿ ಪರೀಕ್ಷೆ ಬೇಕಾಗುತ್ತದೆ. ಕಾಯಿಲೆ 1ರಿಂದ 4ರವರೆಗಿನ ಯಾವ ಹಂತದಲ್ಲಿದೆ ಎಂದು ತಿಳಿಯಲು ಸ್ಕ್ಯಾನ್ ಆಗಬೇಕು. ಯಾವ ರಿಪೋರ್ಟ್ ಯಾವಾಗ ಬರುತ್ತದೆ, ಯಾರು ತಿಳಿಸುತ್ತಾರೆ ಎಂದು ನರ್ಸ್ ಹತ್ತಿರ ಕೇಳಿದರೆ ಸುಮ್ನೆ ಫೋನ್ ನೋಡುತ್ತಾ ಕೂರುವುದು ತಪ್ಪುತ್ತದೆ.

ಆಮೇಲೆ ಸರ್ಜನ್, ಕಿಮೋ (ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧಿ) ಕೊಡುವ ಡಾಕ್ಟರು, ರೇಡಿಯೇಷನ್ (ಕಿರಣ ಚಿಕಿತ್ಸೆ) ಕೊಡುವ ಡಾಕ್ಟರು ಸೇರಿ ಚಿಕಿತ್ಸೆ ನಿರ್ಧರಿಸುತ್ತಾರೆ. ಸ್ಕ್ಯಾನ್‌ನಲ್ಲಿ ಕಾಣದ ವಿಷಯಗಳನ್ನು ಅವರಿಗೆ ಮುಟ್ಟಿಸುವವರು ನರ್ಸ್. ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಮೆಟ್ಟಿಲು ಹತ್ತಲು ಆಗುತ್ತದೆಯೇ, ಯಾವುದಕ್ಕೆ ಭಯ, ಎಲ್ಲವನ್ನೂ ಹೇಳಿ. ಮುಂದೆ ಮಕ್ಕಳು ಬೇಕು ಎಂದಿದ್ದರೆ ಕಿಮೋ ಶುರುವಾಗುವ ಮೊದಲೇ ಹೇಳಬೇಕು, ಕಿಮೋದಿಂದ ಮಕ್ಕಳಾಗುವ ಶಕ್ತಿ ಕುಂದಬಹುದು. ಅಂಡಾಣು ಅಥವಾ ವೀರ್ಯ ತೆಗೆದಿಡುವ ದಾರಿ ಇದೆ, ಆದರೆ ಅದಕ್ಕೆ ಸಮಯ ಬೇಕು. ಈ ಮಾತಿಗೆ ನಾಚಿಕೆ ಬೇಡ.

ಕಿಮೋಗೆ ಮೊದಲು, ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿ ಕೊಡಿ. ಗಿಡಮೂಲಿಕೆಗಳನ್ನೂ ಪಟ್ಟಿಯಲ್ಲಿ ಸೇರಿಸಿ, ಅವುಗಳಲ್ಲಿ ಕೆಲವು ಕಿಮೋ ಔಷಧಿಯ ಕೆಲಸಕ್ಕೆ ಅಡ್ಡ ಬರುತ್ತವೆ. ಡ್ರಿಪ್ ಹೋಗುವಾಗ ಸೂಜಿಯ ಜಾಗದಲ್ಲಿ ಉರಿ, ಊತ ಬಂದರೆ ತಕ್ಷಣ ಕೂಗಿ ಹೇಳಿ. ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ ಸುಟ್ಟಂತಾಗಬಹುದು.

ಇನ್ನು ಜ್ವರದ ವಿಷಯ. ಇದನ್ನು ಗೋಡೆಯ ಮೇಲೆ ಬರೆದು ಅಂಟಿಸಿ: 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಫೋನ್ ಮಾಡಬೇಕು. ಹಲವು ಕಿಮೋಗಳಲ್ಲಿ ಡೋಸ್ ಆದ 7ರಿಂದ 14 ದಿನಗಳ ನಡುವೆ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ತೀರಾ ಇಳಿಯುತ್ತದೆ. ಆಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು ತರಬಹುದು. ಕೇಳದೆ ಪ್ಯಾರಾಸಿಟಮಾಲ್ ನುಂಗಬೇಡಿ, ಜ್ವರ ಇಳಿದಂತೆ ಕಂಡರೂ ಸೋಂಕು ಒಳಗೇ ಬೆಳೆಯುತ್ತಿರುತ್ತದೆ.

ವಾಂತಿ, ಬಾಯಿಹುಣ್ಣು, ಬೆರಳು ಜೋಮು ಹಿಡಿಯುವುದು, ಎಲ್ಲವನ್ನೂ ದಿನಾಂಕದ ಜೊತೆ ಬರೆದಿಡಿ. ‘ಇಷ್ಟಕ್ಕೆಲ್ಲ ಯಾಕೆ ತೊಂದರೆ ಕೊಡುವುದು’ ಎಂದು ತುಂಬ ಜನ ಸುಮ್ಮನಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಾಂತಿಗೆ ಮಾತ್ರೆ ಬದಲಿಸಬಹುದು. ಜೋಮು ಜಾಸ್ತಿಯಾಗುವ ಮೊದಲೇ ಗೊತ್ತಾದರೆ ಡಾಕ್ಟರು ಡೋಸ್ ಇಳಿಸಬಹುದು. ರೇಡಿಯೇಷನ್ ಇದ್ದರೆ ಆ ಜಾಗಕ್ಕೆ ನರ್ಸ್ ಹೇಳಿದ ಕ್ರೀಮ್ ಬಿಟ್ಟು ಬೇರೇನೂ ಹಚ್ಚಬೇಡಿ.

ನಿದ್ದೆ ಬಾರದಿದ್ದರೆ, ಅಳು ತಡೆಯದಿದ್ದರೆ ಅದನ್ನೂ ಹೇಳಿ. ನೋಡಿಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ.

ಕೊನೆಯ ಡೋಸ್ ಮುಗಿದಾಗ ಖುಷಿಯ ಜೊತೆಗೇ ಕೈಬಿಟ್ಟಂತೆ ಅನ್ನಿಸುವುದುಂಟು. ಹೊರಡುವ ಮೊದಲು ಕೇಳಿ: ಮುಂದಿನ ತಪಾಸಣೆ ಯಾವಾಗ? ಏನು ಕಂಡರೆ ಅಲ್ಲಿಯವರೆಗೆ ಕಾಯದೆ ಬರಬೇಕು? ಫೋನ್ ಮಾಡುವುದು ಇದೇ ನಂಬರಿಗೆ ಅಲ್ವಾ?